ಎಡಗಡೆಯ ತೋಳು

ವಿಗ್ಗಕ್ಕನನ್ನು ನಾನು ಕಣ್ಣಾರೆ ಕಾಣುವ ಮೊದಲೇ ದ್ವೇಷಿಸತೊಡಗಿದ್ದೆ. ಮುಚ್ಚಿಡುವುದೇಕೆ, ಹೊಟ್ಟೆಕಿಚ್ಚು. ಒಳಕೋಣೆಯಿಂದ ತಂಗಿ "ಅಕ್ಕಾ" ಎಂದು ಕೂಗುತ್ತಿದ್ದಳು. ನಾನು ಹೊಲಿಗೆ ಮಿಷನ್ ನಿಲ್ಲಿಸಿ "ಏನೇ?" ಅನ್ನುತ್ತಿದ್ದೆ. "ನಿನ್ನನ್ನಲ್ಲ!" ಎಂದು ಉತ್ತರ ಬರುತ್ತಿತ್ತು. ಅವಳ ಫೋನಿನೊಳಗಿನಿಂದ ಯಾರೋ ಹೆಂಗಸು ಖೊಕ್ಕನೆ ನಗುತ್ತಿದ್ದಳು. ಅವಳೇ ವಿಗ್ಗಕ್ಕ. ಅನಿಮೆ ಎಂಬ ಜಪಾನಿ ಕಾರ್ಟೂನು ಕತೆಗಳ ವೇಷ ಹಾಕುವ ಹುಚ್ಚಿನ ಹುಡುಗ ಹುಡುಗಿಯರಿಗೆಲ್ಲ ವಿಗ್ಗು ಬಾಚಿ ಕೊಡುವವಳಂತೆ. ಬಾಚಿಕೊಳ್ಳಲಿ, ನನಗೇನು? ಆದರೆ ನನ್ನ ಒಬ್ಬಳೇ ತಂಗಿಗೆ ಅಕ್ಕನಾಗಲು ಇವಳ್ಯಾರು?

ನಾನು ಹೊಲಿಗೆಯವಳು. ಮನೆಯ ಮುಂಗೋಣೆಯೇ ನನ್ನ ಅಂಗಡಿ. ಅಮ್ಮ ತೀರಿಕೊಂಡಾಗ ತಂಗಿಗೆ ಆರು ವರ್ಷ, ನನಗೆ ಇಪ್ಪತ್ತು. ಅಂಬೆಗಾಲಿಡುವಾಗಲೇ ಅವಳು ಅಮ್ಮನ ಹೊಲಿಗೆಯ ಗಿರಾಕಿಯೊಬ್ಬರ ಕೋಟಿನ ಗುಂಡಿ ನುಂಗಿದ್ದಳು; ಅಂದಿನಿಂದ ಮನೆಯಲ್ಲಿ ಅವಳ ಹೆಸರು ಗುಂಡಿ. ಅನಿಮೆ ಹುಚ್ಚು ಅವಳಿಗೆ ಹತ್ತಿದ್ದು ಈ ಮುಂಗೋಣೆಯಲ್ಲೇ, ನನ್ನ ಪಕ್ಕದಲ್ಲೇ. ಸಂಜೆ ನಾನು ಅಂಗಿಗಳಿಗೆ ಕಾಜಾ ಕಟ್ಟುತ್ತ ಕೂತರೆ ಅವಳು ಇಸ್ತ್ರಿಪೆಟ್ಟಿಗೆಗೆ ಫೋನ್ ಒರಗಿಸಿ, ಚಿತ್ರದ ಕೆಳಗೆ ಬರುವ ಮಾತುಗಳನ್ನು ನನಗಾಗಿ ಗಟ್ಟಿಯಾಗಿ ಓದುತ್ತಿದ್ದಳು. ಕಾಜಾ ಕಟ್ಟುವಾಗ ಕಣ್ಣೆತ್ತುವಂತಿಲ್ಲ. ಒಂದು ಎಳೆ ಆಚೀಚೆಯಾದರೆ ಆ ತೂತಿನಲ್ಲಿ ಅಂಗಿಯ ಗುಂಡಿ ನಿಲ್ಲುವುದಿಲ್ಲ. ಹಾಗಾಗಿ ಸೇತುವೆ ಕಾಯುವ ಹುಡುಗಿಯ ಕತೆಯೊಂದರ ಅರವತ್ತು ಕಂತುಗಳನ್ನೂ ನಾನು ಕಿವಿಯಲ್ಲೇ ಮುಗಿಸಿದೆ. ಖಳನ ಮಾತು ಬಂದರೆ ಗುಂಡಿ ಮೂಗಿನಿಂದ ಓದುತ್ತಿದ್ದಳು. ನಾನು ನಗುತ್ತಿದ್ದೆ, ಸೂಜಿ ಮಾತ್ರ ನಿಲ್ಲುತ್ತಿರಲಿಲ್ಲ.

ಆಮೇಲೆ ವಿಗ್ಗಕ್ಕ ಬಂದಳು. ಅನಿಮೆ ನೋಡುವಾಗ ಗುಂಡಿಯ ಕಿವಿಗೆ ಇಯರ್‌ಫೋನ್ ಬಂತು, ಒಳಕೋಣೆಯ ಬಾಗಿಲು ಮುಚ್ಚಿತು, ಓದು ನಿಂತಿತು.

ಆದ್ದರಿಂದಲೇ, ಅನಿಮೆ ಸಮ್ಮೇಳನಕ್ಕೆ ಸೇತುವೆ ಹುಡುಗಿಯ ಕೋಟು ಹೊಲಿದುಕೊಡು ಎಂದು ಅವಳು ಕೇಳಿದಾಗ ನಾನು ಗಿರಾಕಿಗಳ ಬಟ್ಟೆಯನ್ನೆಲ್ಲ ಬದಿಗೊತ್ತಿ ಕೂತೆ. ವಿಗ್ಗು ಯಾರು ಬೇಕಾದರೂ ಬಾಚಬಹುದು. ಇಂಥ ಕೋಟು ಹೊಲಿಯಲಿ ನೋಡೋಣ! ಗುಂಡಿ ಒಂದು ಚಿತ್ರ ಕೊಟ್ಟು, "ಇದ್ರಲ್ಲಿ ಹೇಗಿದ್ಯೋ ಹಾಗೇ ಹೊಲಿ ಅಕ್ಕಾ" ಅಂದಿದ್ದಳು. ಚಿತ್ರದಲ್ಲಿ ಎಡಗಡೆಯ ತೋಳು ಮೊಣಕೈಗೇ ನಿಂತಿತ್ತು, ಅಂಚು ಚಿಂದಿಚಿಂದಿ. ಬಿಡಿಸಿದವನಿಗೆ ಅವಸರವಿತ್ತೇನೋ ಅಂದುಕೊಂಡೆ. ನನ್ನ ಅಂಗಡಿಯಿಂದ ಒಂದೂವರೆ ತೋಳಿನ ಬಟ್ಟೆ ಯಾವತ್ತೂ ಹೊರಗೆ ಹೋಗಿಲ್ಲ. ಎರಡೂ ತೋಳನ್ನು ಮಣಿಕಟ್ಟಿನವರೆಗೆ ತಂದು, ಒಳಗೆ ಲೈನಿಂಗ್ ಕೊಟ್ಟು, ತುದಿಗೆ ಮೂರು ಮೂರು ಗುಂಡಿ ಇಟ್ಟೆ. ತೊಟ್ಟು ನೋಡಿದ ತಂಗಿ ಕನ್ನಡಿಯ ಮುಂದೆ ಎಡತೋಳಿನ ತುದಿಯನ್ನು ಸವರಿದಳು. "ಚೆನ್ನಾಗಿದೆ" ಅಂದಳು. ಖುಷಿಗೆ ಬಾಯಿ ಕಟ್ಟಿತೆಂದುಕೊಂಡು ನಾನು ಬೀಗಿದೆ.

ಸಮ್ಮೇಳನಕ್ಕೆ ನಾನೂ ಹೊರಟೆ. "ಕೋಟಿಗೆ ಏನಾದ್ರೂ ಆದ್ರೆ ಯಾರು ನೋಡ್ತಾರೆ?" ಎಂಬುದು ನೆಪ. ಆ ಹೆಂಗಸನ್ನು ಒಮ್ಮೆ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಿತ್ತು.

ದೊಡ್ಡ ಪ್ರದರ್ಶನ ಭವನ. ಬಾಗಿಲಲ್ಲೇ ಒಬ್ಬನ ವೇಷದ ರೆಕ್ಕೆ ಸಿಕ್ಕಿಕೊಂಡು ಹಿಂದಿನವರೆಲ್ಲ ನಿಂತುಬಿಟ್ಟಿದ್ದರು. ಯಾರೂ ಗೊಣಗಲಿಲ್ಲ, ನಾಲ್ಕು ಜನ ಸೇರಿ ರೆಕ್ಕೆ ಮಡಚಿ ಒಳಗೆ ಬಿಟ್ಟರು. ತಂಗಿ ಒಳಗೆ ಕಾಲಿಟ್ಟಿದ್ದೇ ತಡ, ಹತ್ತು ಕಡೆಯಿಂದ "ಗುಂಡೀ!" ಎಂದು ಕೂಗು. ನನಗೆ ಮೈಯೆಲ್ಲ ಉರಿಯಿತು. ಮನೆಯೊಳಗಿನ ಹೆಸರನ್ನೂ ಊರಿಗೆಲ್ಲ ಹಂಚಿದ್ದಾಳೆ! ಮನೆಯಲ್ಲಿ ತಲೆ ತಗ್ಗಿಸಿ ಓಡಾಡುವ ಹುಡುಗಿ ಅಲ್ಲಿ ಕೈ ಬೀಸಿ ಬೀಸಿ ಮಾತಾಡುತ್ತಿದ್ದಳು. ಖಳನ ದನಿಯನ್ನು ಮೂಗಿನಿಂದ ತೆಗೆದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ದನಿ ನನ್ನದಾಗಿತ್ತು, ನನಗಾಗಿ ಹುಟ್ಟಿದ್ದು.

ಮೂಲೆಯಲ್ಲಿ ಒಂದು ಮೇಜು, ಮೇಲೆ "ಹರಿದದ್ದು, ಮುರಿದದ್ದು ಇಲ್ಲಿ ತನ್ನಿ" ಎಂಬ ರಟ್ಟು. ಅದರ ಹಿಂದೆ ನೀಲಿ ವಿಗ್ಗಿಗೆ ಬಾಚಣಿಗೆ ಹಾಕುತ್ತ ಕೂತಿದ್ದವಳೇ ವಿಗ್ಗಕ್ಕ. ಕುಳ್ಳಿ, ಕನ್ನಡಕ, ಅರ್ಧ ನರೆತ ತಲೆ. ಹಲ್ಲಿನ ಡಾಕ್ಟರ ಹತ್ತಿರ ಕೆಲಸವಂತೆ. ರೂಪಸಿಯಾಗಿದ್ದರೆ ತಂಗಿ ಬಣ್ಣಕ್ಕೆ ಮರುಳಾದಳೆಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅದಕ್ಕೂ ದಾರಿಯಿರಲಿಲ್ಲ.

ವಿಗ್ಗಕ್ಕ ಗುಂಡಿಯನ್ನು ಮೇಲಿಂದ ಕೆಳಗೆ ನೋಡಿ, "ಕೋಟು ಏನು ಚೆನ್ನಾಗಿದ್ಯೇ! ಆದ್ರೆ ಎಡಗಡೆ ತೋಳು?" ಅಂದಳು.

ಸುತ್ತ ನಿಂತವರೂ ತೋಳನ್ನೇ ನೋಡುತ್ತಿದ್ದರು. ಒಬ್ಬ ಹುಡುಗಿ ಪಿಸುಗುಟ್ಟಿದಳು, "ತೋಳು ಪೂರ್ತಿ ಇದ್ರೆ ಸೇತುವೆ ಹುಡುಗಿ ಅಂತ ಹೇಗೆ ಗೊತ್ತಾಗತ್ತೆ?"

"ಬಾ, ಎರಡು ನಿಮಿಷ," ಎಂದು ವಿಗ್ಗಕ್ಕ ಕತ್ತರಿ ತೆಗೆದಳು.

ಗುಂಡಿ ತೋಳನ್ನು ಬಲಗೈಯಲ್ಲಿ ಮುಚ್ಚಿಕೊಂಡು ಹಿಂದೆ ಸರಿದಳು. "ಬೇಡಕ್ಕಾ. ನಮ್ಮಕ್ಕ ಹೊಲಿದಿದ್ದು. ಹೀಗೇ ಇರ್ಲಿ."

ಇಬ್ಬರು ಅಕ್ಕಂದಿರು ಒಂದೇ ಉಸಿರಿನಲ್ಲಿ. ನಾನು ಮುಂದೆ ನುಗ್ಗಿದೆ. "ಏನ್ ತಪ್ಪಾಗಿದೆ ತೋಳಿಗೆ? ಹೇಳ್ಬಾರ್ದಿತ್ತೇನೇ?"

ವಿಗ್ಗಕ್ಕನೇ ಮೆಲ್ಲಗೆ ಹೇಳಿದಳು. "ಮೊದಲನೇ ಕಂತಿನ ಕೊನೇಲಿ ಅವಳ ಅಕ್ಕಂಗೆ ಗಾಯ ಆಗತ್ತಲ್ಲ, ಅಕ್ಕಾವ್ರೇ. ಆಗ ಎಡಗಡೆ ತೋಳು ಹರಿದು ಕಟ್ತಾಳೆ. ಆಮೇಲೆ ಕೊನೇವರೆಗೂ ಆ ಕೋಟನ್ನ ಹಾಗೇ ಹಾಕೋತಾಳೆ."

"ಸುಳ್ಳು," ಅಂದೆ. "ನನಗೆ ಅರವತ್ತು ಕಂತೂ ಬಾಯಿಪಾಠ. ಇವಳು ನನಗೆ ಅದನ್ನ ಓದೇ ಇಲ್ಲ."

ಗುಂಡಿ ನೆಲ ನೋಡಿದಳು. "ಅಲ್ಲಿ ಓದೋಕೆ ಏನೂ ಇಲ್ಲ ಅಕ್ಕಾ. ಮಾತೇ ಇಲ್ಲ, ಬರೀ ಚಿತ್ರ. ನಾನು 'ನೋಡು' ಅಂದೆ. ನೀನು 'ಹೂಂ' ಅಂದೆ."

ಅವಳು ಎಷ್ಟು ಸಲ 'ನೋಡು' ಅಂದಿದ್ದಳೋ, ನಾನು ಎಷ್ಟು ಸಲ 'ಹೂಂ' ಅಂದಿದ್ದೆನೋ. ವಿಗ್ಗಕ್ಕ ನೋಡಿದ್ದಳು. ಅವಳು ಮಾಡಿದ್ದು ಅಷ್ಟೇ.

ಅವಳ ಕೈಯಿಂದ ಕತ್ತರಿಯನ್ನು ಕಸಿದುಕೊಂಡೆ. ದೊಡ್ಡ ಮನಸ್ಸಿನಿಂದಲ್ಲ. ನನ್ನ ಹೊಲಿಗೆಯ ಮೇಲೆ ಅವಳ ಕತ್ತರಿ ಆಡುವುದನ್ನು ನಾನು ಸಹಿಸುತ್ತಿರಲಿಲ್ಲ. ಲೈನಿಂಗ್ ಸಮೇತ ತೋಳನ್ನು ಮೊಣಕೈಗೆ ಕತ್ತರಿಸಿ, ಅಂಚನ್ನು ಉಗುರಿನಿಂದ ಎಳೆ ಎಳೆಯಾಗಿ ಬಿಡಿಸಿದೆ. ಚಿಂದಿ ಮಾಡುವುದರಲ್ಲೂ ಒಂದು ಅಚ್ಚುಕಟ್ಟು ಬೇಡವೇ? ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಗುಂಡಿ ಕತ್ತರಿಸಿದ ತುಂಡನ್ನು ಮಡಚಿ ಜೇಬಿಗಿಟ್ಟುಕೊಂಡಳು.

ಆಮೇಲೆ ಒಬ್ಬೊಬ್ಬರೇ ಬಂದರು. ಕಿತ್ತ ಪಟ್ಟಿ, ಬಿಚ್ಚಿದ ಅಂಚು, ಬಾಗಿಲಲ್ಲಿ ಸಿಕ್ಕಿಕೊಂಡಿದ್ದ ಅದೇ ರೆಕ್ಕೆ. ವಿಗ್ಗಕ್ಕ ತನ್ನ ಕುರ್ಚಿಯನ್ನೇ ನನಗೆ ಬಿಟ್ಟಳು. "ಅಕ್ಕಾ, ಇದಾಗತ್ತಾ? ಅಕ್ಕಾ, ಇದೊಂಚೂರು." ಬೈಯುತ್ತಲೇ ಹೊಲಿದೆ. "ಇದ್ಯಾವ ಪುಣ್ಯಾತ್ಮ ಹೊಲಿದಿದ್ದು, ಕಣ್ಣು ಮುಚ್ಕೊಂಡಿದ್ನಾ?" ಅಂದರೆ ನಗುತ್ತಿದ್ದರು. ಎಷ್ಟೋ ತಿಂಗಳಾದ ಮೇಲೆ ನನಗೂ ನಗು ಬಂತು. ಸೇತುವೆ ಹುಡುಗಿಯ ಅಕ್ಕನ ಮಾತೊಂದನ್ನು ನಾನು ಹೇಳಿದರೆ, ರೆಕ್ಕೆಯ ಹುಡುಗ ಅದಕ್ಕೆ ಉತ್ತರ ಹೇಳಿದ.

ಅಷ್ಟರಲ್ಲಿ ಭವನದ ದೀಪ ಮಂದವಾಯಿತು. ವೇದಿಕೆಯ ದೊಡ್ಡ ಪರದೆಯ ಮೇಲೆ ಮೊದಲನೇ ಕಂತು ಹಾಕಿದ್ದರು. ನನ್ನ ಕೈಯಲ್ಲಿ ಅರ್ಧ ಕಟ್ಟಿದ ಕಾಜಾ ಇತ್ತು. ಪರದೆಯ ಮಾತುಗಳೆಲ್ಲ ಒಮ್ಮೆಲೇ ನಿಂತು ಬರೀ ಸಂಗೀತ ಉಳಿಯಿತು.

"ಅಕ್ಕಾ, ನೋಡು," ಅಂದಳು ಗುಂಡಿ.

'ಹೂಂ' ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಸೂಜಿಯನ್ನು ನನ್ನ ಕಾಲರಿಗೆ ಚುಚ್ಚಿ ತಲೆಯೆತ್ತಿದೆ. ಪರದೆಯಲ್ಲಿ ಹುಡುಗಿ ಹಲ್ಲಿನಿಂದ ತೋಳು ಹರಿದು ಅಕ್ಕನ ಹಣೆಗೆ ಕಟ್ಟುತ್ತಿದ್ದಳು. ನನ್ನ ಗುಂಡಿಯ ಒಂದು ಕೈ ನನ್ನ ಭುಜದ ಮೇಲಿತ್ತು. ಇನ್ನೊಂದು ಕೈ ವಿಗ್ಗಕ್ಕನ ಕೈಯೊಳಗಿತ್ತು. ಅದನ್ನೂ ನೋಡಿದೆ.