ಒಂದು ಬೀದಿಗೆ ಒಂದೇ ವ್ಯಾನು

ಸುಸ್ ಎನ್ನುವ ಸದ್ದು. ಹಾಲು ಉಕ್ಕುವ ಮುಂಚೆ ಪಾತ್ರೆಯ ಅಂಚಿನಲ್ಲಿ ಏಳುತ್ತದಲ್ಲ, ಅಷ್ಟು ಸಣ್ಣದು. ಎಚ್ಚರವಾದ ಕೂಡಲೇ ನನ್ನ ಗ್ಯಾಸ್ ಒಲೆ ಸೋರುತ್ತಿದೆಯೇನೋ ಎಂದು ಮೂಗೆಳೆದು ನೋಡಿದೆ. ವಾಸನೆ ಇರಲಿಲ್ಲ. ಸದ್ದು ಹೊರಗಿನಿಂದ, ನನ್ನ ತಲೆದಿಂಬಿಗೆ ನೇರ ಕೆಳಗಿನಿಂದ ಬರುತ್ತಿತ್ತು. ಯಾರೋ ನನ್ನ ವ್ಯಾನಿನ ಹಿಂದಿನ ಚಕ್ರದ ಗಾಳಿ ಬಿಡುತ್ತಿದ್ದರು.

ನಾನು ಅಲುಗಾಡಲಿಲ್ಲ. ನಡುವೆ ಇದ್ದದ್ದು ಬರೀ ಒಂದು ತಗಡು. ಆದರೂ ಯಾರದು ಎಂದು ಕೇಳುವ ಹಾಗಿರಲಿಲ್ಲ. ಕೇಳಿದರೆ ಒಳಗೆ ಮನುಷ್ಯರಿದ್ದಾರೆ ಎಂದು ಒಪ್ಪಿಕೊಂಡಂತೆ. ಈ ಕರಾವಳಿ ಊರಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಗಾಡಿಯಲ್ಲಿ ಮಲಗುವುದು ಅಪರಾಧ. ಗಾಡಿ ನಿಲ್ಲಿಸಬಹುದು, ಅದರೊಳಗೆ ಕಣ್ಣು ಮುಚ್ಚಬಾರದು. ನನಗೆ ಆಗಲೇ ಎರಡು ಸಲ ದಂಡ ಬಿದ್ದಿತ್ತು. ಮೂರನೆಯ ಸಲಕ್ಕೆ ವ್ಯಾನನ್ನೇ ಎಳೆದೊಯ್ಯುತ್ತಾರೆ. ಅದರ ಜೊತೆ ನನ್ನ ಹಾಸಿಗೆ, ಒಲೆ, ಕಾಲೇಜಿಗೆ ಉಡುವ ಎರಡು ಒಳ್ಳೆಯ ಬಟ್ಟೆ, ವಿದ್ಯಾರ್ಥಿಗಳ ತಿದ್ದದ ಪ್ರಬಂಧಗಳು, ಎಲ್ಲವೂ. ಹಾಗಾಗಿ ಯಾರೋ ನನ್ನ ಮನೆಯ ಕಾಲು ಮುರಿಯುತ್ತಿದ್ದರೆ, ಮನೆಯಲ್ಲಿ ಯಾರೂ ಇಲ್ಲವೆಂಬಂತೆ ನಾನು ಬಿದ್ದುಕೊಂಡಿದ್ದೆ. ಸಿಟ್ಟು ಬಾಯಿಂದ ಹೊರಬರದಂತೆ ಹೊದಿಕೆಯ ಅಂಚನ್ನು ಕಚ್ಚಿಕೊಂಡಿದ್ದೆ. ಸದ್ದು ನಿಂತಿತು. ಹೆಜ್ಜೆಗಳು ಅವಸರವಿಲ್ಲದೆ ದೂರವಾದವು.

ಈ ಬೀದಿ ನನಗೆ ಸುಮ್ಮನೆ ಸಿಕ್ಕಿದ್ದಲ್ಲ. ಔಷಧಿ ಇನ್ನು ಸಾಕು ಎನ್ನಿಸಿಕೊಂಡವರು ಕೊನೆಯ ದಿನಗಳನ್ನು ಕಳೆಯುವ ಆರೈಕೆ ಮನೆಯೊಂದು ಇಲ್ಲಿದೆ. ಅವರ ಕಡೆಯವರ ಗಾಡಿಗಳು ರಾತ್ರಿಯಿಡೀ ನಿಂತಿರುತ್ತವೆ. ಯಾವ ಗಾಡಿ ಯಾರದು ಎಂದು ಕೇಳಲು ಎಂಥವರಿಗೂ ಸಂಕೋಚ. ಆ ಸಂಕೋಚದ ನೆರಳಿನಲ್ಲಿ ನಾನು ಮಲಗುತ್ತಿದ್ದೆ. ನಾಚಿಕೆಯಾಗುತ್ತಿರಲಿಲ್ಲ ಎನ್ನಲಾರೆ. ಆದರೆ ಎರಡು ಕಾಲೇಜುಗಳಲ್ಲಿ ಬರವಣಿಗೆ ಕಲಿಸಿ, ಎರಡರ ಸಂಬಳ ಸೇರಿಸಿದರೂ ಒಂದು ಕೋಣೆ ಸಿಗದ ಊರಿನಲ್ಲಿ ನಾಚಿಕೆಪಡಬೇಕಾದವರ ಸಾಲಿನಲ್ಲಿ ನಾನು ಬಹಳ ಹಿಂದಿದ್ದೇನೆ.

ವ್ಯಾನಿನಲ್ಲಿ ಬದುಕುವುದನ್ನು ನನಗೆ ಕಲಿಸಿದವಳು ವರ್ನಾ. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು; ಅವಳದ್ದೂ ನನ್ನಂಥದೇ ಒಂದು ಹಳೆಯ ವ್ಯಾನು. ಊಟ ಒಂದು ಕಡೆ, ಹಲ್ಲುಜ್ಜುವುದು ಇನ್ನೊಂದು ಕಡೆ, ನಿದ್ದೆಗೆ ಮಾತ್ರ ಮೂರನೆಯ ಕಡೆ ಹೋಗು ಎಂದಳು. ಬಂದ ಮೇಲೆ ದೀಪ ಹಚ್ಚಬೇಡ, ಬಾಗಿಲನ್ನು ಎರಡನೇ ಸಲ ತೆರೆಯಬೇಡ. ಎಲ್ಲಕ್ಕಿಂತ ಮುಖ್ಯ, ಒಂದು ಬೀದಿಗೆ ಒಂದೇ ವ್ಯಾನು. ಒಂದಿದ್ದರೆ ಯಾರದೋ ಗಾಡಿ, ಎರಡಾದರೆ ಜೋಪಡಪಟ್ಟಿ ಎಂದು ಊರಿನವರು ದೂರು ಕೊಡುತ್ತಾರೆ. ಸಿಕ್ಕ ಜಾಗವನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ನಾನು ವರ್ನಾಗೆ ಮಾತ್ರ ಹೇಳಿದ್ದೆ, ಒಳ್ಳೆಯ ಅಂಕ ಬಂದ ಹುಡುಗಿ ಮೇಷ್ಟರಿಗೆ ಹೇಳುವ ಹಾಗೆ. ಆಮೇಲೆ ಅವಳು ಮಲಗುತ್ತಿದ್ದ ಚರ್ಚಿನ ಹಿತ್ತಲಿಗೆ ಹೊಸ ಸಮಿತಿಯವರು ಸರಪಳಿ ಹಾಕಿದರು. ಈಗಿರುವ ಜಾಗ ಸರಿಯಿಲ್ಲ, ನಿನ್ನ ಬೀದಿಗೆ ಬರಲೇ ಎಂದು ಕೇಳಿದಳು. ನಾನು ಅವಳ ನಿಯಮವನ್ನೇ ಅವಳಿಗೆ ಒಪ್ಪಿಸಿದೆ. ವರ್ನಾ ನಕ್ಕು, ಪಾಠ ಚೆನ್ನಾಗಿ ಕಲಿತಿದ್ದೀಯ ಎಂದಿದ್ದಳು.

ಬೆಳಕು ಹರಿಯಿತು. ಆರು ದಾಟಿದ ಮೇಲೆ ಆರೈಕೆ ಮನೆಯ ಕಡೆಗಿರುವ ಬಾಗಿಲಿನಿಂದ ಇಳಿದೆ. ರಾತ್ರಿಯೆಲ್ಲ ಯಾರದೋ ಹಾಸಿಗೆಯ ಪಕ್ಕ ಕೂತು ಬಂದವಳಂತೆ ಮುಖ ಉಜ್ಜಿಕೊಳ್ಳುತ್ತ ವ್ಯಾನನ್ನು ಸುತ್ತಿ ಬಂದೆ. ಚಕ್ರ ಮುಕ್ಕಾಲು ಕುಸಿದಿತ್ತು. ಎದುರು ಮನೆಯ ಹಾಲ್ವರ್ಸನ್ ಕಂದು ನಾಯಿಯೊಡನೆ ಅಲ್ಲೇ ನಿಂತಿದ್ದ. ವ್ಯಾನಿನವರನ್ನು ಊರು ಬಿಡಿಸಬೇಕೆಂದು ಪುರಸಭೆಯ ಸಭೆಗಳಲ್ಲಿ ಎದ್ದುನಿಂತು ಮಾತಾಡುವವನು ಇವನೇ. ಇವನದೇ ಕೆಲಸ ಎಂದು ನನ್ನ ರಕ್ತವೆಲ್ಲ ಹೇಳಿತು. ಆದರೆ ಅವನು ಒಳಗೆ ಹೋಗಿ ಕಾಲಿನಿಂದ ಒತ್ತುವ ಪಂಪು ತಂದುಕೊಟ್ಟ.

"ಇದು ಆ ವ್ಯಾನಿನ ಜನರದ್ದೇ ಕೆಲಸ ಇರ್ಬೇಕು," ಎಂದ. "ಒಳಗಿರೋರ ಕಡೆಯವ್ರು ಅಂತ ಈ ಬೀದೀಲಿ ನಾವ್ಯಾರೂ ಏನೂ ಅನ್ನಲ್ಲ. ಆ ಜನಕ್ಕೆ ಈ ಜಾಗ ಗೊತ್ತಾದ್ರೆ ನಿಮ್ಮಂಥೋರಿಗೆ ಗಾಡಿ ನಿಲ್ಲಿಸೋಕೆ ಜಾಗ ಉಳಿಯಲ್ಲ. ನಾಯಿಗಿಂತ ಕಡೆ, ಅವ್ರು. ಒಬ್ರನ್ನೊಬ್ರು ಕಚ್ಕೊಂಡು ತಿಂತಾರೆ."

ನಾನು ಪಂಪಿನ ಕೊಳವೆ ಬಿಡಿಸುತ್ತಿದ್ದೆ. ಅದನ್ನು ಅವನ ಕುತ್ತಿಗೆಗೆ ಸುತ್ತುವ ಬದಲು, ಉಪಕಾರವಾಯಿತು ಎಂದೆ.

"ಒಳಗೆ ನಿಮ್ಮವರು ಯಾರು?"

"ಚಿಕ್ಕಮ್ಮ."

"ಹೆಸರು ಹೇಳಿ. ಪ್ರಾರ್ಥನೆ ಮಾಡುವಾಗ ನೆನಸ್ಕೋತೀನಿ."

ಬಾಯಿಗೆ ಬಂದದ್ದು ಒಂದೇ ಹೆಸರು. "ವರ್ನಾ," ಎಂದೆ.

ಅವನು ಟೋಪಿ ತೆಗೆದ. ನಿಜವಾಗಿಯೂ ತೆಗೆದ. ಇಲ್ಲಿಗೆ ಬಂದವರು ಹೆಚ್ಚು ದಿನ ಇರುವುದಿಲ್ಲ, ಗಟ್ಟಿಯಾಗಿರಿ ಎಂದು ಹೇಳಿ, ಪಂಪನ್ನು ಆಮೇಲೆ ಗೇಟಿನ ಒಳಗಿಡಿ ಎಂದು ನಾಯಿಯನ್ನು ಎಳೆದುಕೊಂಡು ಹೋದ.

ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತಾಗ ನೋಡಿದೆ. ವಾಲ್ವಿನ ಮುಚ್ಚಳ ಅದರ ಜಾಗದಲ್ಲಿತ್ತು, ಬಿಗಿಯಾಗಿ ತಿರುಗಿಸಿತ್ತು. ಅದರ ಸುತ್ತ ಧೂಳನ್ನು ಯಾರೋ ಹೆಬ್ಬೆರಳಿನಿಂದ ದುಂಡಗೆ ಒರೆಸಿದ್ದರು. ದ್ವೇಷಕ್ಕೆ ಗಾಳಿ ಬಿಡುವವನು ಮುಚ್ಚಳವನ್ನು ಚರಂಡಿಗೆ ಎಸೆದು ಹೋಗುತ್ತಾನೆ. ಚಕ್ರ ಮುಟ್ಟಿದ ಮೇಲೆ ಹೀಗೆ ಒರೆಸಿ ಮುಚ್ಚುವ ಒಂದೇ ಒಂದು ಹೆಬ್ಬೆರಳು ನನಗೆ ಗೊತ್ತು. ಅದು ನನ್ನ ನಾಲ್ಕೂ ಚಕ್ರಗಳನ್ನು ಎಷ್ಟೋ ಸಲ ಪರೀಕ್ಷಿಸಿತ್ತು. ಮುಚ್ಚದೆ ಬಿಟ್ಟರೆ ಮಣ್ಣು ಕೂರುತ್ತದೆ, ಮಕ್ಕಳನ್ನು ಕೂರಿಸಿಕೊಂಡು ಹೋಗುವವರಿಗೆ ಅದು ಪಾಪ ಎನ್ನುತ್ತಿದ್ದಳು.

ಗಾಡಿ ಹೊರಡುವಷ್ಟು ಗಾಳಿ ತುಂಬಿದರೆ ಸಾಕೆಂದು ಪಂಪು ಒತ್ತಿದೆ. ಒಂದೊಂದು ಸಲ ಒತ್ತುವಾಗಲೂ ಹಾಲ್ವರ್ಸನ್ ಹೇಳಿದ್ದು ಸರಿ, ಸರಿ ಎಂದು ಕೇಳಿಸಿತು.

ಸಮುದ್ರದ ದಂಡೆಯಲ್ಲಿ, ತಣ್ಣೀರಿನ ಸ್ನಾನದ ನಲ್ಲಿಗಳ ಹತ್ತಿರ, ಬೆಳಗ್ಗೆ ನಮ್ಮವರೆಲ್ಲ ಸೇರುತ್ತಾರೆ. ವರ್ನಾ ತನ್ನ ವ್ಯಾನಿನ ಮೆಟ್ಟಿಲ ಮೇಲೆ ಕೂತು ಚಾಕುವಿನಿಂದ ಕಿತ್ತಳೆ ಸುಲಿಯುತ್ತಿದ್ದಳು. ನನ್ನ ಮುಖ ನೋಡಿ ಚಾಕು ನಿಲ್ಲಿಸಲಿಲ್ಲ.

"ಪೂರ್ತಿ ಬಿಟ್ಟಿಲ್ಲ," ಎಂದಳು. "ರಿಮ್ಮಿಗೆ ಏಟಾಗ್ಬಾರ್ದು ಅಂತ ಸ್ವಲ್ಪ ಉಳಿಸ್ದೆ."

"ಅದಕ್ಕೆ ನಿನಗೆ ಕೈ ಮುಗೀಬೇಕಾ?"

"ನೀನು ಹೆದರ್ಕೊಂಡು ಬೇರೆ ಬೀದಿ ನೋಡ್ಕೋತೀಯ ಅಂದ್ಕೊಂಡೆ. ಹೆದರುಪುಕ್ಕಲಿ ಕಣೇ ನೀನು. ಎಲೆ ಬಿದ್ರೆ ಎದ್ದು ಕೂರೋಳು."

"ನನ್ನ ವ್ಯಾನು ಎಳ್ಕೊಂಡು ಹೋಗಿದ್ರೆ? ನನಗೆ ಎರಡು ದಂಡ ಬಿದ್ದಿರೋದು ನಿನಗೆ ಗೊತ್ತಿತ್ತು."

"ಗೊತ್ತಿತ್ತು." ಸಿಪ್ಪೆಯನ್ನು ಮಡಿಲಿಗೆ ಹಾಕಿಕೊಂಡಳು. "ಥಿಯಾ, ಇನ್ನೊಂದು ಸಲ ಬಾಯಿಬಿಟ್ಟು ಕೇಳಿದ್ದಿದ್ರೆ ಕೊಡ್ತಿದ್ಯಾ?"

ಇಲ್ಲ ಎನ್ನಲು ನನಗೆ ಯೋಚನೆ ಬೇಕಾಗಲಿಲ್ಲ.

ಆಗ ಅವಳು ಹೇಳಿದಳು. ಅವಳೀಗ ಮಲಗುತ್ತಿರುವುದು ಹೆದ್ದಾರಿಯ ಪೆಟ್ರೋಲ್ ಬಂಕಿನ ಹಿಂದೆ. ಅಲ್ಲಿ ಒಬ್ಬ ಗಂಡಸು ಪ್ರತಿ ರಾತ್ರಿ ಬಂದು ಅವಳ ವ್ಯಾನಿನ ಬಾಗಿಲ ಹಿಡಿಯನ್ನು ತಿರುಗಿಸಿ ನೋಡುತ್ತಾನೆ. ಏನೂ ಮಾತಾಡುವುದಿಲ್ಲ, ಒಂದು ಸಲ ತಿರುಗಿಸಿ ಹೋಗುತ್ತಾನೆ. ಅವಳು ಚಾಕು ಹಿಡಿದುಕೊಂಡು ಕೂತೇ ಬೆಳಗು ಮಾಡುತ್ತಾಳೆ. ಇದೇ ಚಾಕು, ಕಿತ್ತಳೆಯದು. ಕೂಗುವ ಹಾಗಿಲ್ಲ. ಯಾಕೆಂದು ನನಗೆ ಅವಳು ವಿವರಿಸಬೇಕಿರಲಿಲ್ಲ.

ನನ್ನ ಸಿಟ್ಟು ಇಳಿಯಲಿಲ್ಲ. ಇಷ್ಟು ಅಗಲದ ಊರು. ವಾರಾಂತ್ಯಕ್ಕೆ ಮಾತ್ರ ಬಂದುಹೋಗುವವರ ಮನೆಗಳಲ್ಲಿ ಖಾಲಿ ಹಾಸಿಗೆಗಳು ಧೂಳು ಹಿಡಿಯುತ್ತವೆ. ಇಲ್ಲಿ ಇಬ್ಬರು ಹೆಂಗಸರು ಒಂದು ಗಾಡಿಯುದ್ದದ ರಸ್ತೆಗಾಗಿ ಕತ್ತಲಲ್ಲಿ ಒಬ್ಬರ ಚಕ್ರ ಒಬ್ಬರು ಕುಗ್ಗಿಸಬೇಕು. ವರ್ನಾಳ ಮೇಲಿನ ಸಿಟ್ಟೂ ಹಾಗೇ ಇತ್ತು. ಅದನ್ನು ಊರಿನ ತಲೆಗೆ ಕಟ್ಟಿ ಅವಳನ್ನು ಬಿಟ್ಟುಬಿಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

"ಇವತ್ತು ರಾತ್ರಿ ಅಲ್ಲಿಗೆ ನೀನು ಹೋಗು," ಎಂದೆ. "ನಾಳೆ ನಾನು. ಒಂದು ಬೀದಿಗೆ ಒಂದೇ ವ್ಯಾನು. ಎದುರು ಮನೆಯವ್ನು ನಾಯಿ ಹಿಡ್ಕೊಂಡು ಬರ್ತಾನೆ. ಕೇಳಿದ್ರೆ ಅಕ್ಕ ಒಳಗಿದಾಳೆ ಅನ್ನು. ನಿನ್ನ ಹೆಸರು ಮಾತ್ರ ಹೇಳ್ಬೇಡ."

"ಯಾಕೆ?"

"ಹೇಳ್ಬೇಡ ಅಂದ್ರೆ ಹೇಳ್ಬೇಡ."

ಇವತ್ತಿನ ರಾತ್ರಿಗೆ ನನಗೆ ಬೇರೆ ಜಾಗ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಕಿತ್ತಳೆಯನ್ನು ಸೀಳಿ ಅರ್ಧ ನನ್ನ ಕಡೆ ಚಾಚಿದಳು. ನಾನು ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಬಡಗಿ ಡೇನ್ ತಲೆ ಒರೆಸಿಕೊಳ್ಳುತ್ತ ಬಂದ. ಅವನ ಹಿಂದೆ ಇನ್ನೂ ಇಬ್ಬರು. ನನ್ನ ಗಾಡಿ ಒಂದು ಕಡೆಗೆ ವಾಲಿಕೊಂಡು ಬಂದದ್ದನ್ನು ನೋಡಿದ್ದರು. ಹಿಂದೊಮ್ಮೆ ಇನ್ನೊಬ್ಬರ ನೀರಿನ ತೊಟ್ಟಿಗೆ ಕೈಹಾಕಿದವನನ್ನು ಇವರು ಏನು ಮಾಡಿದರೆಂದು ನನಗೆ ಗೊತ್ತು. ಹೊಡೆಯಲಿಲ್ಲ. ಅವನು ಎಲ್ಲಿ ನಿಲ್ಲಿಸಿದರೂ ಪಕ್ಕದಲ್ಲಿ ನಾಲ್ಕು ವ್ಯಾನು ತಂದು ನಿಲ್ಲಿಸಿದರು, ಪೊಲೀಸರು ಬರುವವರೆಗೆ. ಒಂದೇ ವಾರದಲ್ಲಿ ಅವನು ಊರು ಬಿಟ್ಟ.

"ಯಾರೋ ಗಾಳಿ ಬಿಟ್ರಾ?" ಎಂದು ಡೇನ್ ಕೇಳಿದ. "ಹೇಳು. ನಮ್ಮೋರಾದ್ರೂ ಸರಿ, ಊರಿನೋರಾದ್ರೂ ಸರಿ, ಇವತ್ತೇ ನೋಡ್ಕೋತೀವಿ."

ಹಾಲ್ವರ್ಸನ್ ಎಂದರೆ ಇವರು ರಾತ್ರಿ ಅವನ ಕಿಟಕಿ ಒಡೆಯುತ್ತಿದ್ದರು, ನಾಳೆ ಆ ಬೀದಿಗೂ ರಾತ್ರಿ ಗಾಡಿ ನಿಲ್ಲಿಸಬಾರದೆಂಬ ಫಲಕ ಬೀಳುತ್ತಿತ್ತು. ವರ್ನಾ ಎಂದರೆ ಅವಳಿಗೆ ಪೆಟ್ರೋಲ್ ಬಂಕಿನ ಹಿಂದೆಯೂ ಜಾಗ ಉಳಿಯುತ್ತಿರಲಿಲ್ಲ. ಆಗ ಒಬ್ಬರನ್ನೊಬ್ಬರು ಕಚ್ಚಿ ತಿನ್ನುತ್ತಾರೆ ಎಂದ ಆ ಮನುಷ್ಯ ತನ್ನ ಜಗಲಿಯಿಂದ ಕೆಳಗಿಳಿಯದೆಯೇ ಗೆದ್ದಂತೆ. ಆ ಗೆಲುವನ್ನು ನನ್ನ ಬಾಯಿಂದ ಅವನಿಗೆ ಕೊಡಲಾರೆ.

ವರ್ನಾಳ ಚಾಕು ಈಗ ನಿಂತಿತ್ತು.

"ಮೊಳೆ," ಎಂದೆ. "ದಾರೀಲಿ ಒಂದು ಮೊಳೆ ಚುಚ್ಕೊಂಡಿತ್ತು."

ಡೇನ್ ಬಗ್ಗಿ ಚಕ್ರ ನೋಡಿದ, ವರ್ನಾಳನ್ನು ನೋಡಿದ, ತೂತು ಎಲ್ಲಿ ಎಂದು ಕೇಳಲಿಲ್ಲ. ನಾನು ಟವೆಲು ತೆಗೆದುಕೊಂಡು ನಲ್ಲಿಯ ಕಡೆ ನಡೆದೆ. ಎಂಟಕ್ಕೆ ತರಗತಿ ಇತ್ತು. ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ತಣ್ಣೀರಿನ ಕೆಳಗೆ ನಿಂತು ನಿಶ್ಚಯಿಸಿದೆ. ಡೇನ್‌ಗೆ ಇಲ್ಲ, ಆ ಟೋಪಿಯವನಿಗೆ ಇಲ್ಲ. ಮತ್ತು ಆ ಬೀದಿಯಲ್ಲಿ ಒಬ್ಬ ವರ್ನಾ ಎಂಬುವಳಿಗೆ ಸಾವು ಸುಖವಾಗಿ ಬರಲಿ ಎಂದು ದಿನವೂ ದೇವರನ್ನು ಕೇಳಿಕೊಳ್ಳುತ್ತಿರುತ್ತಾನೆಂದು, ವರ್ನಾಗೂ ಇಲ್ಲ.