ಕಾವೇರಮ್ಮ ತೂಕ ಇಳಿಸಿದ್ದು

ಬೆಂಗಳೂರಿನ ದೊಡ್ಡಾಸ್ಪತ್ರೆಯ ಡಾಕ್ಟರು ಕಾವೇರಮ್ಮನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಕೈಯಲ್ಲಿದ್ದ ರಿಪೋರ್ಟುಗಳನ್ನು ಮತ್ತೊಮ್ಮೆ ತಿರುವಿ, "ನಿಮ್ಮ ಕಿಡ್ನಿ ಎರಡೂ ಚೆನ್ನಾಗಿವೆ ಅಮ್ಮ. ಮಗಳಿಗೂ ಹೊಂದುತ್ತೆ. ಆದರೆ ಈ ತೂಕದಲ್ಲಿ ನಿಮಗೆ ಆಪರೇಷನ್ ಮಾಡೋಕಾಗಲ್ಲ. ಹತ್ತು ಹನ್ನೆರಡು ಕೇಜಿ ಇಳಿಸಿಕೊಂಡು ಬನ್ನಿ, ಆಮೇಲೆ ಡೇಟ್ ಕೊಡ್ತೀನಿ" ಎಂದರು.

ಕಾವೇರಮ್ಮನಿಗೆ ಆ ಗಳಿಗೆಯಲ್ಲಿ ಆದದ್ದು ಸಂತೋಷವೇ. ಡಾಕ್ಟರು ಇನ್ನೇನು ಕೇಳುತ್ತಾರೋ ಎಂದು ಜೀವ ಕೈಯಲ್ಲಿ ಹಿಡಿದು ಕೂತಿದ್ದವಳು ಅವಳು. ಕೇಳಿದ್ದು ಮೈಮೇಲಿನ ಕೊಬ್ಬನ್ನು ಮಾತ್ರ. ಯಾರಿಗೂ ಬೇಡವಾದ, ತನಗೂ ಬೇಡವಾದ ವಸ್ತು! ಮಗಳ ಜೀವಕ್ಕೆ ಅಷ್ಟೇ ಸಾಕು ಅನ್ನುವುದಾದರೆ ಯಾವ ತಾಯಿ ತಾನೇ ಇಲ್ಲ ಅಂದಾಳು?

ಮಗಳು ಧನುಶ್ರೀ ಪಿಯುಸಿ ಮುಗಿಸಿ ಹಾರೋಹಳ್ಳಿಯ ಹೊಸ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದಳು. ವರ್ಷ ತುಂಬುವುದರೊಳಗೆ ಮುಖ ಊದಿಕೊಂಡಿತು, ಕಾಲು ಊದಿಕೊಂಡಿತು, ಒಂದು ದಿನ ಕೆಲಸದ ಜಾಗದಲ್ಲೇ ಕುಸಿದುಬಿಟ್ಟಳು. ಎರಡು ಕಿಡ್ನಿಯೂ ಹೋಗಿವೆ ಅಂದರು. ಅಲ್ಲಿಂದ ವಾರಕ್ಕೆರಡು ಸಲ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರುವುದೇ ಅವಳ ಬದುಕಾಯಿತು. ಅಪ್ಪ ಮುನಿಯಪ್ಪ ಎಲ್ಲರಿಗಿಂತ ಮೊದಲು ಕೈ ಚಾಚಿದ್ದ. ರಕ್ತದ ಗುಂಪು ಹೊಂದಲಿಲ್ಲ. ಅವತ್ತಿನಿಂದ ಅವನು ಮಗಳ ಮುಖವನ್ನು ನೇರವಾಗಿ ನೋಡುವುದನ್ನೇ ಬಿಟ್ಟ, ತಪ್ಪು ತನ್ನದೇ ಅನ್ನುವ ಹಾಗೆ. ಇನ್ನು ಒಡಹುಟ್ಟಿದವರು ಯಾರೂ ಇಲ್ಲ. ಉಳಿದದ್ದು ಕಾವೇರಮ್ಮ ಒಬ್ಬಳೇ.

ಅವಳೇನು ಹುಟ್ಟಾ ದಪ್ಪಗಿದ್ದವಳಲ್ಲ. ಮರಳವಾಡಿಯ ಹತ್ತಿರ ಹಿಪ್ಪುನೇರಳೆ ತೋಟ ಇದ್ದ ಕಾಲಕ್ಕೆ ಬೆಳಗಾಗುವ ಮುಂಚೆಯೇ ಸೊಪ್ಪು ಕುಯ್ಯಬೇಕು, ರೇಷ್ಮೆಹುಳುವಿಗೆ ಹಾಕಬೇಕು, ತಟ್ಟೆ ಕಸ ತೆಗೆಯಬೇಕು, ಮತ್ತೆ ಸೊಪ್ಪು ತರಬೇಕು. ಹುಳ ನಾಲ್ಕನೇ ಜ್ವರ ಎದ್ದು, ಕೊನೆಯ ಪೊರೆ ಕಳಚಿ ಹಗಲೂ ರಾತ್ರಿ ಸೊಪ್ಪು ಮೇಯತೊಡಗಿದ ಮೇಲಂತೂ ಮನೆಯವರು ಉಂಡರೋ ಬಿಟ್ಟರೋ ಕೇಳುವವರೇ ಇಲ್ಲ. ಅಂಥ ಮೈಯಲ್ಲಿ ಕೊಬ್ಬು ಎಲ್ಲಿ ನಿಂತೀತು? ಆಮೇಲೆ ಕೈಗಾರಿಕಾ ಪ್ರದೇಶ ಅಂತ ಬಂತು, ತೋಟ ಹೋಯಿತು, ಅದರ ಪರಿಹಾರದ ದುಡ್ಡಿನಲ್ಲಿ ಮನೆಗೆ ಆರ್‌ಸಿಸಿ ಛಾವಣಿ ಬಂತು, ಕಲರ್ ಟಿವಿ ಬಂತು, ಮಿಕ್ಸಿ ಬಂತು. ದುಡಿಮೆ ನಿಂತಿತು, ದುಡಿಯುವವಳ ಊಟ ಮಾತ್ರ ನಿಲ್ಲಲಿಲ್ಲ. ಎರಡು ಮುದ್ದೆ ಉಣ್ಣುತ್ತಿದ್ದವಳು ಆಮೇಲೂ ಎರಡನ್ನೇ ಉಂಡಳು. ಅದರ ಮೇಲೆ ಗಂಡ ಬಿಟ್ಟ ಅನ್ನ, ಮಗಳು ಬಿಟ್ಟ ಚಿತ್ರಾನ್ನ, ಪಾತ್ರೆಯ ತಳದ ಪಾಯಸ ಎಲ್ಲ ಅವಳ ಹೊಟ್ಟೆಗೇ. ಚೆಲ್ಲಬಾರದು ಅಂತ ತಿಂದು ತಿಂದೇ ನಮ್ಮ ಹೆಂಗಸರು ಅರ್ಧ ಹಾಳಾಗುವುದು. ಅದನ್ನು ಹೇಳಿದರೆ ನನ್ನನ್ನೇ ಬಾಯಿಗೆ ಬಂದಂತೆ ಅಂತಾರೆ, ಅನ್ನಲಿ.

ಆಸ್ಪತ್ರೆಯಲ್ಲಿ ಊಟದ ಬಗ್ಗೆ ಹೇಳಿಕೊಡುವುದಕ್ಕೆಂದೇ ಕಡ್ಡಿಯಂಥ ಒಬ್ಬ ಹುಡುಗಿ ಇದ್ದಳು. ಓಟ್ಸ್ ತಿನ್ನಿ, ಸಲಾಡ್ ತಿನ್ನಿ, ಬ್ರೌನ್ ಬ್ರೆಡ್ ತಿನ್ನಿ ಅಂದಳು. ಕಾವೇರಮ್ಮ ದೇವಸ್ಥಾನದಲ್ಲಿ ಮಂತ್ರ ಕೇಳುವವಳ ಹಾಗೆ ಕೈಮುಗಿದು ಕೇಳಿಸಿಕೊಂಡಳು. ಊರಿಗೆ ಬಂದಮೇಲೆ ಅದನ್ನೆಲ್ಲ ಅಡುಗೆಮನೆಗೆ ಒಗ್ಗಿಸಿದವಳು ಧನು.

"ನೋಡವ್ವ, ಓಟ್ಸು ಗೀಟ್ಸು ಬ್ಯಾಡ. ಒಂದೇ ಮುದ್ದೆ, ಅದೂ ಚಿಕ್ಕದು. ಸೊಪ್ಪಿನ ಸಾರು ಎಷ್ಟು ಬೇಕಾದ್ರೂ ಉಣ್ಣು. ಕಾಫಿಗೆ ಸಕ್ಕರೆ ಇಲ್ಲ. ಟಿವಿ ಮುಂದೆ ಕಡಲೆಪುರಿ ಇಲ್ಲ. ಮಿಕ್ಕಿದ್ದು ಏನಿದ್ರೂ ಕೊಟ್ಟಿಗೇಲಿರೋ ಹಸುಗೆ, ನಿಂಗಲ್ಲ. ಹೊತ್ತು ಮುಳುಗೋದ್ರೊಳಗೆ ರಾತ್ರಿ ಊಟ ಮುಗೀಬೇಕು."

"ಅಯ್ಯೋ ನಿನ್ನ, ಅತ್ತೆಗಿಂತ ಎಚ್ಚಾಗಿ ಆಡ್ತೀಯಲ್ಲೇ!" ಎಂದು ಕಾವೇರಮ್ಮ ನಕ್ಕಳು. ಆದರೆ ಹೇಳಿದ್ದನ್ನು ಒಂದೂ ಮೀರಲಿಲ್ಲ. ಮೊದಲ ವಾರ ಹಸಿವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಎದುರಿಗೆ ಕೂತ ಮಗಳನ್ನು ನೋಡಿದರೆ ಆ ಹಸಿವಿನ ಬಗ್ಗೆ ಬಾಯಿಬಿಡಲು ನಾಚಿಕೆ. ಧನುಗೆ ಬಾಳೆಹಣ್ಣು ಇಲ್ಲ, ಎಳನೀರಿಲ್ಲ, ಉಪ್ಪಿಲ್ಲ, ಕುಡಿಯುವ ನೀರೂ ಇಡೀ ದಿನಕ್ಕೆ ಅಳತೆಯ ಮೇಲೆ. ನೆಂಟರೊಬ್ಬರ ಮನೆಯ ಬೀಗರೂಟಕ್ಕೆ ಹೋದಲ್ಲಿ ಎಲೆಗೆ ಬಂದ ಕುರಿ ಬಾಡನ್ನು ಕಾವೇರಮ್ಮ ಕೈ ಅಡ್ಡ ಹಿಡಿದು ಬೇಡ ಅಂದಾಗ ಆ ಮನೆಯವರು ಮುಖ ಸಿಂಡರಿಸಿದರು, "ನಮ್ಮನೇದು ರುಚಿ ಹತ್ತಕಿಲ್ಲ ಬುಡಿ, ನೀವು ದೊಡ್ಡೋರು" ಎಂದರು. ಅದನ್ನೂ ನುಂಗಿಕೊಂಡಳು.

ಊಟ ಗೆದ್ದಳು. ಸೋತದ್ದು ನಡಿಗೆಯಲ್ಲಿ.

ಡಾಕ್ಟರು ಹೇಳಿದ್ದು ಸುಲಭ: ದಿನಾ ಬೆಳಿಗ್ಗೆ ಕೈಬೀಸಿಕೊಂಡು ಚೆನ್ನಾಗಿ ನಡೆಯಿರಿ. ಅವರಿಗೇನು ಗೊತ್ತು? ನಮ್ಮ ಕಡೆ ಹಳ್ಳಿಯಲ್ಲಿ ಹೆಂಗಸೊಬ್ಬಳು ಬರಿಗೈಯಲ್ಲಿ ರಸ್ತೆಗೆ ಬಿದ್ದರೆ ಅದಕ್ಕೊಂದು ಕಾರಣ ಬೇಕು. ಬಿಂದಿಗೆ ಇದ್ದರೆ ನೀರಿಗೆ, ಕುಡುಗೋಲು ಇದ್ದರೆ ಹುಲ್ಲಿಗೆ, ಬ್ಯಾಗು ಇದ್ದರೆ ಸಂತೆಗೆ. ಏನೂ ಇಲ್ಲದಿದ್ದರೆ? ಮೊದಲ ದಿನವೇ ಎದುರುಮನೆ ಮಾರಕ್ಕ ಜಗಲಿಯ ಮೇಲಿಂದ ಕೂಗಿದಳು.

"ಎಲ್ಗೆ ಒಂಟೆ ಕಾವೇರಕ್ಕ, ಇಸ್ಟೊತ್ಗೆ?"

"ಎಲ್ಗೂ ಇಲ್ಲ ಕಣಕ್ಕ. ಸುಮ್ಕೆ ಒಸಿ ನಡ್ಕೊಂಡ್ ಬತ್ತೀನಿ."

"ಸುಮ್ಕೆಯಾ!" ಎಂದು ಮಾರಕ್ಕ ಗದ್ದಕ್ಕೆ ಕೈ ಇಟ್ಟಳು.

ಸಂಜೆ ಹೊತ್ತಿಗೆ ಬೀದಿಗೆಲ್ಲ ಗೊತ್ತಾಯಿತು. ವಯಸ್ಸಿಗೆ ಬಂದ ಮಗಳು ಮಂಚ ಹಿಡಿದಿದ್ದಾಳೆ, ಇವಳು ಸಾಹುಕಾರ್ತಿ ಹಾಗೆ ವಾಕಿಂಗ್ ಹೊರಟಿದ್ದಾಳೆ ಎಂದು ನಲ್ಲಿಯ ಹತ್ತಿರ ಆಡಿಕೊಂಡರು. ನಿಜ ಹೇಳಿ ಬಾಯಿ ಮುಚ್ಚಿಸೋಣವೆಂದರೆ ಕಿಡ್ನಿಯ ಸುದ್ದಿಯನ್ನು ಊರಿನಲ್ಲಿ ಬಾಯಿಬಿಟ್ಟಿರಲಿಲ್ಲ. ನಾಳೆ ಹುಡುಗಿ ಹುಷಾರಾದ ಮೇಲೆ ಮದುವೆಗೆ ತೊಡಕಾದೀತು ಎಂದು, ರಕ್ತ ಕಮ್ಮಿ ಅಂತಲೇ ಹೇಳಿಕೊಂಡು ಬಂದಿದ್ದರು. ಉಳಿಯುತ್ತಾಳೋ ಇಲ್ಲವೋ ಅನ್ನುವ ಹುಡುಗಿಯ ಮದುವೆಯ ಚಿಂತೆ! ಏನು ಮಾಡುವುದು, ಆಸೆ ಅನ್ನುವುದು ಇರುವುದೇ ಹಾಗೆ.

ಮಾರನೆಯ ದಿನ ಕಾವೇರಮ್ಮ ಕುಡುಗೋಲು, ಹಗ್ಗ ಹಿಡಿದು ಹೊರಟಳು. ಮನೆಯಲ್ಲಿ ಒಂದು ಸೀಮೆಹಸು ಇತ್ತು, ಹುಲ್ಲಿಗೆ ಅಂದರೆ ಯಾರು ಏನಂದಾರು? ಊರ ಹತ್ತಿರದ ಬದುಗಳೆಲ್ಲ ಕಾಂಪೌಂಡಿನೊಳಗೆ ಸೇರಿಹೋಗಿದ್ದವು. ಕಾರ್ಖಾನೆಗಳ ಗೋಡೆಯುದ್ದಕ್ಕೂ ನಡೆದು, ಲಾರಿಗಳ ಧೂಳು ಕುಡಿದು, ಕೆರೆ ಹಿಂದಿನ ಬಯಲಿಗೆ ಹೋಗಿ ಹುಲ್ಲು ಕುಯ್ದು, ಹೊರೆ ಕಟ್ಟಿ ತಲೆಯ ಮೇಲಿಟ್ಟುಕೊಂಡು ಬಂದಳು. ಮಾರಕ್ಕ ಜಗಲಿಯಿಂದಲೇ "ಏನ್ ಗೇಯ್ಮೆ ನಿಂದು ಕಾವೇರಕ್ಕ!" ಎಂದು ಮೆಚ್ಚಿಕೊಂಡಳು. ಬೀದಿಯ ಬಾಯಿ ಮುಚ್ಚಿತು.

ಧನುಗೆ ಇದು ಸರಿಬರಲಿಲ್ಲ. "ಬರೀ ಕೈಲಿ ನಡೀರಿ ಅಂದವ್ರೆ ಕಣವ್ವ ಡಾಕ್ಟ್ರು. ನೀನು ಗಾಡಿ ಎತ್ತಿನ ಥರ ಹೊರ್ತಾ ಇದ್ದೀಯ."

"ಒರೆ ಒತ್ಕಂಡ್ ನಡುದ್ರೆ ಇನ್ನೂ ಬಿರ್ನೆ ಕರಗ್ತದೆ ಬುಡು ಮಗ" ಎಂದಳು ಕಾವೇರಮ್ಮ. ಅವಳಿಗೆ ಅದು ನಿಜವೆಂದೇ ಅನ್ನಿಸಿತ್ತು.

ಕರಗಿದ್ದೂ ಹೌದು. ರಾಗಿ ಮಿಲ್ಲಿನ ತೂಕದ ಯಂತ್ರದ ಮೇಲೆ ಮೂಟೆಗಳ ಪಕ್ಕದಲ್ಲಿ ನಿಂತು ನೋಡಿಸಿಕೊಂಡರೆ ಪ್ರತಿ ಸಲವೂ ಮುಳ್ಳು ಒಂದಿಷ್ಟು ಹಿಂದೆ. ಆದರೆ ಮೈ ಕರಗುವುದಕ್ಕಿಂತ ಬೇಗ ಮಂಡಿ ಹೋಯಿತು. ದಪ್ಪ ಮೈ, ಅದರ ಮೇಲೆ ಹೊರೆ, ಎಷ್ಟು ದಿನ ತಡೆದೀತು? ಒಂದು ಬೆಳಿಗ್ಗೆ ಎದ್ದು ನಿಲ್ಲಲು ಹೋದವಳು ಗೋಡೆ ಹಿಡಿದು ಅಲ್ಲೇ ಕೂತಳು. ಮಂಡಿ ಎರಡೂ ತೆಂಗಿನಕಾಯಿ ಗಾತ್ರ ಊದಿದ್ದವು. ಅವತ್ತು ಅವಳು ಅತ್ತದ್ದು ನೋವಿಗಲ್ಲ. ನಡಿಗೆ ನಿಂತರೆ ತೂಕ ನಿಲ್ಲುತ್ತದೆ, ತೂಕ ನಿಂತರೆ ಡೇಟ್ ನಿಲ್ಲುತ್ತದೆ.

ಮಾರಕ್ಕನೇ ಬಂದು ಸೆರಗಿನ ಗಂಟಿನಿಂದ ಒಂದು ಮಾತ್ರೆ ತೆಗೆದುಕೊಟ್ಟಳು. "ತಕಾ, ಮೆಡಿಕಲ್ ಸ್ಟೋರ್‌ನಾಗೆ ಕೇಳುದ್ರೆ ಕೊಡ್ತಾರೆ. ಒಂದ್ ನುಂಗು, ಎಳೇ ಉಡ್ಗಿ ಥರಾ ಓಡಾಡ್ತೀಯ" ಎಂದಳು. ಅವಳ ಮನಸ್ಸಿನಲ್ಲಿ ಒಂದಿಷ್ಟೂ ಕೆಟ್ಟದ್ದಿರಲಿಲ್ಲ. ತಾನು ನುಂಗುವುದನ್ನೇ ಕೊಟ್ಟಿದ್ದಳು.

ಮಾತ್ರೆ ಮಾತು ಉಳಿಸಿಕೊಂಡಿತು. ಮೊದಲು ಬೆಳಿಗ್ಗೆ ಒಂದು, ಆಮೇಲೆ ಸಂಜೆಗೂ ಒಂದು, ಮಂಡಿ ಹಟ ಮಾಡಿದ ದಿನ ಮಧ್ಯಾಹ್ನಕ್ಕೊಂದು. ಧನುಗೆ ಹೇಳಲಿಲ್ಲ. ಹೇಳಿದರೆ ಹುಡುಗಿ ನಡೆಯುವುದನ್ನೇ ಬಿಡಿಸುತ್ತಾಳೆ ಎನ್ನುವ ಹೆದರಿಕೆ. ರವಿಕೆಗಳು ಸಡಿಲವಾದವು, ಕೈಬಳೆಗಳು ಮೊಣಕೈವರೆಗೆ ಜಾರಿದವು. ಮುನಿಯಪ್ಪ ಒಂದು ದಿನ ಹೆಂಡತಿಯನ್ನು ಕಣ್ಣರಳಿಸಿ ನೋಡಿ, "ಲೇ ಕಾವೇರಿ, ಮದ್ವೆ ಆದಾಗಿನ್ ಅಂಗೆ ಆಯ್ತಾ ಇದ್ದೀಯಲ್ಲೇ" ಎಂದ. ಧನು ಬಿದ್ದು ಬಿದ್ದು ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಬಹಳ ಕಾಲವಾಗಿತ್ತು. ಆಪರೇಷನ್ ಆದಮೇಲೆ ಕನಕಪುರದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರುತ್ತೇನೆ ಎಂದು ಅವಳು ಬಾಯಿಬಿಟ್ಟು ಹೇಳಿದ್ದೂ ಆ ದಿನವೇ.

ತೂಕ ಡಾಕ್ಟರು ಹೇಳಿದ್ದಕ್ಕಿಂತಲೂ ಹೆಚ್ಚಿಗೆ ಇಳಿದ ಮೇಲೆ ಮೂವರೂ ಬೆಂಗಳೂರಿಗೆ ಹೋದರು. ಆಸ್ಪತ್ರೆಯ ಯಂತ್ರದ ಮೇಲೆ ಕಾವೇರಮ್ಮ ಚಪ್ಪಲಿ ಬಿಟ್ಟು, ಉಸಿರು ಬಿಗಿಹಿಡಿದು ನಿಂತಳು. ಡಾಕ್ಟರು ನಂಬಲಾರದೆ ಎರಡು ಸಲ ನೋಡಿದರು. "ಓದಿದವರ ಕೈಲೇ ಆಗಲ್ಲ ಇದು. ಶಹಬ್ಬಾಸ್ ಅಮ್ಮ!" ಎಂದರು. ಜನ್ಮದಲ್ಲಿ ಯಾರೂ ಕಾವೇರಮ್ಮನನ್ನು ಅಷ್ಟು ಹೊಗಳಿರಲಿಲ್ಲ. ಮತ್ತೊಮ್ಮೆ ರಕ್ತ ತೆಗೆದರು. ಇದೊಂದು ಶಾಸ್ತ್ರ ಅಷ್ಟೇ, ಸಂಜೆ ಬನ್ನಿ ಎಂದರು.

ಸಂಜೆ ತಾಯಿ ಮಗಳು ಒಳಗೆ ಹೋದಾಗ ಡಾಕ್ಟರ ಮುಖದಲ್ಲಿ ಬೆಳಗಿನ ನಗು ಇರಲಿಲ್ಲ.

"ನೀವು ಯಾವುದಾದ್ರೂ ಮಾತ್ರೆ ತಗೋತಿದ್ದೀರಾ?"

"ಇಲ್ಲ ಸಾರ್" ಎಂದಳು ಧನು, ಅವ್ವನ ಪರವಾಗಿ.

ಕಾವೇರಮ್ಮ ನಿಧಾನವಾಗಿ ಸೆರಗಿನ ಗಂಟು ಬಿಚ್ಚಿ, ಅರ್ಧ ಖಾಲಿಯಾದ ಮಾತ್ರೆಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಡಾಕ್ಟರು ಅದನ್ನು ತಿರುಗಿಸಿ ನೋಡಿದರು.

"ಎಷ್ಟು ದಿನದಿಂದ?"

"ಮಂಡಿ ಇಡ್ಕಂಡಾಗ್ಲಿಂದ ಸಾಮಿ. ದಿನಾ."

"ನೀರು ಚೆನ್ನಾಗಿ ಕುಡೀತೀರಾ?"

ಕಾವೇರಮ್ಮ ಮಗಳ ಕಡೆ ನೋಡದೆಯೇ, "ಈ ಮಗ ಒಂದೊಂದ್ ತೊಟ್ಟು ಅಳತೆ ಮಾಡ್ಕಂಡ್ ಕುಡೀತದೆ ಸಾಮಿ. ಅದ್ರ ಮುಂದೆ ನಾನು ಎಂಗ್ ಚೊಂಬು ಎತ್ಲಿ?" ಎಂದಳು.

"ಇದನ್ನ ತಗೋ ಅಂತ ಯಾರು ಹೇಳಿದ್ರು ನಿಮಗೆ?" ಡಾಕ್ಟರ ದನಿ ಏರಿತು.

"ನಡೀರಿ ಅಂದ್ರಲ್ಲ ಸಾಮಿ ನೀವು. ನಡಿಯಾಕೆ ಅಂತ ತಕಂಡೆ."

ಡಾಕ್ಟರು ಪಟ್ಟಿಯನ್ನು ಮೇಜಿನ ಮೇಲೆ ಹಾಕಿದರು. ಇನ್ನು ಯಾರನ್ನು ಬೈದಾರು? ಅನ್ನ ತಿನ್ನಬೇಡ, ಸಕ್ಕರೆ ತಿನ್ನಬೇಡ, ಎಣ್ಣೆ ತಿನ್ನಬೇಡ ಎಂದು ಆ ಆಸ್ಪತ್ರೆಯಲ್ಲಿ ಹೇಳದವರಿಲ್ಲ. ನೋವಿನ ಮಾತ್ರೆ ತಿನ್ನಬೇಡ ಅನ್ನುವ ಒಂದು ಮಾತು ಯಾರ ಬಾಯಿಂದಲೂ ಬಂದಿರಲಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನೋವಿನ ಮಾತ್ರೆ, ಅದರ ಮೇಲೆ ನೀರಿನ ಕೊರತೆ, ಎರಡೂ ಸೇರಿ ಕಾವೇರಮ್ಮನ ಕಿಡ್ನಿಗೆ ಪೆಟ್ಟಾಗಿದೆ ಎಂದು ಅವರು ಬಿಡಿಸಿ ಹೇಳಿದರು. ಮಾತ್ರೆ ಇವತ್ತೇ ನಿಲ್ಲಿಸಬೇಕು, ನೀರು ಧಾರಾಳವಾಗಿ ಕುಡಿಯಬೇಕು, ಸ್ವಲ್ಪ ಸರಿಹೋಗಬಹುದು. ಆದರೆ ಇನ್ನು ಇವರಿಂದ ಒಂದನ್ನು ತೆಗೆಯುವ ಮಾತೇ ಇಲ್ಲ.

"ಎಲ್ಡೂ ತಕಳಿ ಸಾಮಿ. ಎಲ್ಡೂ ಸೇರ್ಸುದ್ರೆ ಒಂದು ಆಗಾಕಿಲ್ವಾ?" ಎಂದು ಕಾವೇರಮ್ಮ ಮೇಜಿನ ಅಂಚು ಹಿಡಿದುಕೊಂಡಳು.

"ಅವ್ವ, ಸುಮ್ನಿರು" ಎಂದಳು ಧನು.

ಸತ್ತವರಿಂದ ಸಿಗುವ ಕಿಡ್ನಿಗೆ ಹೆಸರು ಬರೆಸಬಹುದು ಎಂದರು ಡಾಕ್ಟರು. ಸರದಿ ಬರಲು ವರ್ಷಗಳೇ ಹಿಡಿಯುತ್ತವೆ. ಕಿಡ್ನಿ ಕಾಯಿಲೆಯಿಂದ ಈ ಹುಡುಗಿಯ ಹೃದಯವೂ ಆಗಲೇ ಸೋತಿದೆ, ಅಷ್ಟು ಕಾಲ... ಎಂದು ಮಾತನ್ನು ಅಲ್ಲಿಗೇ ನಿಲ್ಲಿಸಿದರು. ನಿಲ್ಲಿಸಿದ್ದು ಇಬ್ಬರಿಗೂ ಅರ್ಥವಾಯಿತು.

ಹೊರಗೆ ಬೆಂಚಿನ ಮೇಲೆ ಬ್ಯಾಗು ಅಪ್ಪಿಕೊಂಡು ಕೂತಿದ್ದ ಮುನಿಯಪ್ಪ ದಡಬಡಿಸಿ ಎದ್ದ. "ಡೇಟು ಕೊಟ್ರಾ?" ಎಂದ. ಎಷ್ಟೋ ತಿಂಗಳಾದ ಮೇಲೆ ಅವನು ಮಗಳ ಮುಖ ನೋಡಿ ಆಡಿದ ಮಾತು ಅದು.

"ಕೊಡ್ಲಿಲ್ಲ ಕಣಪ್ಪ" ಎಂದಳು ಧನು. ಅಷ್ಟೇ ಹೇಳಿದಳು. ಅವ್ವನ ಮೇಲೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಕಾವೇರಮ್ಮನಿಗೆ.

ಕನಕಪುರದ ಬಸ್ಸು ನಿಲ್ಲುವಲ್ಲಿ ಸೂರ್ಯ ಇನ್ನೂ ಮುಳುಗಿರಲಿಲ್ಲ, ಬಿಸಿಲು ಮುಖಕ್ಕೇ ಹೊಡೆಯುತ್ತಿತ್ತು. ಧನು ಊದಿದ ಕಾಲು ಎಳೆದುಕೊಂಡು ಪೆಟ್ಟಿಗೆ ಅಂಗಡಿಗೆ ಹೋಗಿ, ಐಸಿನಲ್ಲಿಟ್ಟಿದ್ದ ನೀರಿನ ಬಾಟಲಿಯೊಂದನ್ನು ತಂದು, ಮುಚ್ಚಳ ತೆಗೆದು ಅವ್ವನ ಕೈಗೆ ಕೊಟ್ಟಳು.

"ಕುಡಿ."

"ನಂಗ್ ಬ್ಯಾಡ ಕಣ್ ಮಗ."

"ನಿಂದಾದ್ರೂ ಉಳೀಲಿ ಕಣವ್ವ. ಅಪ್ಪುಂಗೆ ಆಮೇಲೆ ಯಾರವ್ರೆ? ಕುಡಿ."

ಕಾವೇರಮ್ಮ ಕುಡಿದಳು. ತುಟಿ ಒಡೆದ ಆ ಹುಡುಗಿ ಎದುರಿಗೇ ನಿಂತು, ಬಾಟಲಿ ಪೂರ್ತಿ ಖಾಲಿಯಾಗುವವರೆಗೂ ಕಣ್ಣು ಕೀಳದೆ ನೋಡಿದಳು.