ಮೇಸ್ತ್ರಿಯ ಬೆಣೆ

ಮೇಸ್ತ್ರಿಗೆ ಒಂದು ಕೆಟ್ಟ ಚಾಳಿ. ಯಾರೇ ಕೆಲಸ ಮಾಡುತ್ತಿರಲಿ, ಬೆನ್ನ ಹಿಂದೆ ನಿಂತು ಮೂಗು ತೂರಿಸದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ. ಕೈ ನಡುಗಲು ಶುರುವಾಗಿ ಉಳಿ ಹಿಡಿಯುವುದು ಕಡಿಮೆಯಾದ ಮೇಲಂತೂ ಕೇಳಲೇಬೇಡಿ. ಅದನ್ನೆಲ್ಲ ಸಹಿಸಿಕೊಳ್ಳುತ್ತಿದ್ದವಳು ಮಗಳು. ಸದಾ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಮನೆಯಲ್ಲೂ ಮರಗೆಲಸದ ಶೆಡ್ಡಿನಲ್ಲೂ ಅವಳಿಗೆ ಪೆನ್ಸಿಲ್ ಎಂದೇ ಹೆಸರು.

ಆ ದಿನ ಪೆನ್ಸಿಲ್ ಕೂತಿದ್ದು ಕೆತ್ತನೆ ಯಂತ್ರದ ಕಂಪ್ಯೂಟರಿನ ಮುಂದೆ. ಗೋಡೆಗೆ ಬಿಗಿದ ಕಬ್ಬಿಣದ ಡಬ್ಬಿ ಅದು. ಮರದ ಹೊಟ್ಟು ಒಳಗೆ ಹೋಗದಿರಲೆಂದು ಫ್ಯಾನೂ ಇಲ್ಲ, ಗಾಳಿಯ ಕಿಂಡಿಯೂ ಇಲ್ಲ. ಹೋದ ವಾರ ಅದರ ಡಿಸ್ಕ್ ಕೆಟ್ಟು ಯಂತ್ರ ನೆಲ ಕಚ್ಚಿತ್ತು. ಮೇಸ್ತ್ರಿಗೆ ಸಿಟ್ಟು ನೆತ್ತಿಗೇರಿ, ಹಳೇ ಯಂತ್ರ ಕೊಳ್ಳುವ ವ್ಯಾಪಾರಿಗೆ ಫೋನು ಮಾಡಿಯೇಬಿಟ್ಟಿದ್ದ.

"ಹೊಸ ಡಿಸ್ಕ್ ಹಾಕಿ, ಪೆನ್‌ಡ್ರೈವ್‌ನಿಂದ ನಾನೇ ಎಲ್ಲಾ ಇನ್‌ಸ್ಟಾಲ್ ಮಾಡ್ತೀನಿ" ಎಂದು ಮಗಳು ಗೋಗರೆದಿದ್ದಳು.

"ಅವನು ಬಂದು ಹೊತ್ತೊಯ್ಯೋದ್ರೊಳಗೆ ಓಡಿದ್ರೆ ಯಂತ್ರಾನೂ ನಿಂದು, ಶೆಡ್ಡೂ ನಿಂದು. ಇಲ್ಲಾಂದ್ರೆ ಗಾಡಿ ಹತ್ತುತ್ತೆ" ಎಂದಿದ್ದ ಮೇಸ್ತ್ರಿ.

ಯಂತ್ರ ಗಾಡಿ ಹತ್ತಿದರೆ ಪೆನ್ಸಿಲ್ ಮತ್ತೆ ಯಾರದೋ ಪೀಠೋಪಕರಣದ ಅಂಗಡಿಯಲ್ಲಿ ಬಿಲ್ಲು ಬರೆಯುತ್ತ ಕೂರಬೇಕು. ಇದನ್ನು ನೆನೆದಾಗಲೆಲ್ಲ ಮೇಸ್ತ್ರಿಗೆ ತಾನು ದುಡುಕಿದೆ ಅನ್ನಿಸುತ್ತಿತ್ತು. ಆದರೆ ಆಡಿದ ಮಾತು ವಾಪಸ್ ತೆಗೆದುಕೊಂಡು ಅವನಿಗೆ ಅಭ್ಯಾಸವಿಲ್ಲವಲ್ಲ, ಏನು ಮಾಡುವುದು.

ಪೆನ್ಸಿಲ್ ಪೆನ್‌ಡ್ರೈವ್ ಸಿಕ್ಕಿಸಿ, ಕಂಪ್ಯೂಟರ್ ಮೊದಲು ಅದನ್ನೇ ನೋಡುವಂತೆ ಹೊಂದಿಸಿದಳು. ಯಾವ ಭಾಷೆ ಎಂದು ಪರದೆ ಕೇಳಿತು. ಉತ್ತರ ಕೊಟ್ಟಳು. ಕೆಲಸ ಅರ್ಧಕ್ಕೆ ಬಂದು ನಿಂತುಹೋಯಿತು.

"ಏನಾಯ್ತು?" ಬೆನ್ನ ಹಿಂದಿನಿಂದ ಮೇಸ್ತ್ರಿ.

"ಇದನ್ನ ಸಿಕ್ಕಿಸೋ ಜಾಗ ಸಡಿಲ ಆಗಿದೆ ಅಪ್ಪಾ. ಸ್ವಲ್ಪ ಅಲ್ಲಾಡಿದ್ರೂ ಬಿಟ್ಟುಹೋಗುತ್ತೆ."

ಸಡಿಲ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮೇಸ್ತ್ರಿಗೆ ಜೀವ ಬಂತು. ಬೆಳಗಿನಿಂದ ಅವನಿಗೆ ಅರ್ಥವಾದ ಮೊದಲ ಸಂಗತಿ ಅದು. ಮೂಲೆಯ ರಾಶಿಯಿಂದ ಒಂದು ಚೂರು ಮರ ಹುಡುಕಿ, ನಡುಗುವ ಕೈಯಲ್ಲೇ ತೆಳ್ಳಗೆ ಬೆಣೆ ಹೆರೆದು, ಪೆನ್‌ಡ್ರೈವಿನ ಕೆಳಗೆ ತೂರಿಸಿ, ಮೇಲಿಂದ ಒಂದು ಪುಟ್ಟ ಕ್ಲ್ಯಾಂಪ್ ಬಿಗಿದ. "ಈಗ ಭೂಮಿ ನಡುಗಿದ್ರೂ ಇದು ಅಲ್ಲಾಡಲ್ಲ."

ನಿಜಕ್ಕೂ ಅಲ್ಲಾಡಲಿಲ್ಲ. ಕೆಲಸ ಸರಾಗವಾಗಿ ಮುಗಿಯುತ್ತ ಬಂತು. ಅಷ್ಟರಲ್ಲಿ ಹೊರಗೆ ಗಾಡಿಯ ಹಾರನ್ ಕೇಳಿಸಿತು. ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದ, ಪುಣ್ಯಾತ್ಮ. ಅಪ್ಪ ಮಗಳು ಇಬ್ಬರೂ ಹೋಗಿ ವ್ಯಾಪಾರಿಯನ್ನು ಕರೆತಂದರು. ಬಂದು ನೋಡಿದರೆ ಕಂಪ್ಯೂಟರ್ ತಾನೇ ಆರಿ ಹತ್ತಿಕೊಂಡು, ಯಾವ ಭಾಷೆ ಎಂದು ಮತ್ತೆ ಕೇಳುತ್ತಿತ್ತು.

ಪೆನ್ಸಿಲ್ ಮೊದಲಿನಿಂದ ಶುರುಮಾಡಿದಳು. ವ್ಯಾಪಾರಿ ಟೇಪು ಹಿಡಿದು ಯಂತ್ರದ ಉದ್ದಗಲ ಅಳೆಯತೊಡಗಿದ. ಮೇಸ್ತ್ರಿ ಬಾಲ ಸುಟ್ಟ ಬೆಕ್ಕಿನ ಹಾಗೆ ಶೆಡ್ಡಿನ ತುಂಬ ಓಡಾಡಿದ. ಈ ಸಲವೂ ಎಲ್ಲ ಮುಗಿಯಿತು, ಪರದೆ ಆರಿತು, ಹತ್ತಿತು. ಮತ್ತದೇ ಪ್ರಶ್ನೆ.

ಮಗಳ ಕಣ್ಣು ತುಂಬಿದ್ದನ್ನು ಮೇಸ್ತ್ರಿ ನೋಡಿದ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ ಎಂದುಕೊಂಡ. ಬಾಯಿ ಬಿಟ್ಟು ಏನೋ ಹೇಳಲು ಹೊರಟವನನ್ನು ಪೆನ್ಸಿಲ್ ಕೈಯೆತ್ತಿ ತಡೆದಳು. ಅವಳು ಬೆಣೆಯನ್ನೇ ದಿಟ್ಟಿಸುತ್ತಿದ್ದಳು. ಆಮೇಲೆ ಅಳುವಿನ ನಡುವೆಯೇ ನಕ್ಕುಬಿಟ್ಟಳು.

"ನನ್ನ ಬುದ್ಧಿಗಿಷ್ಟು. ಪ್ರತಿ ಸಲ ಎದ್ದಾಗ ಮೊದಲು ಪೆನ್‌ಡ್ರೈವ್ ನೋಡು ಅಂತ ನಾನೇ ಇಟ್ಟಿದ್ದು. ಅದು ಅಲ್ಲೇ ಕೂತಿದ್ರೆ ಮತ್ತೆ ಮೊದಲಿಂದ ಶುರು ಮಾಡುತ್ತೆ. ಒಳಗೆ ಹಾಕಿರೋದನ್ನ ತಿರುಗಿಯೂ ನೋಡಲ್ಲ. ಅಪ್ಪಾ, ಬೆಣೆ ತೆಗಿ."

"ತೆಗೆದ್ರೆ ಮಾಡಿದ್ದೆಲ್ಲ ಹಾಳಾಗಲ್ವಾ?"

"ಅಂಟು ಹಿಡಿದ ಮೇಲೂ ಕ್ಲ್ಯಾಂಪ್ ಬಿಗಿದೇ ಇಟ್ರೆ ಮರಕ್ಕೆ ಗಾಯ ಅಂತ ನಮ್ಮನ್ನೆಲ್ಲ ಬೈತಿದ್ದೋರು ಯಾರು?"

ಶೆಡ್ಡಿಗೆ ಕೆಲಸ ಕಲಿಯಲು ಬಂದ ಒಬ್ಬೊಬ್ಬರಿಗೂ ಮೇಸ್ತ್ರಿ ಹಾಗೆ ಬೈದಿದ್ದ. ಕ್ಲ್ಯಾಂಪ್ ಸಡಿಲಿಸಿದ. ಬೆಣೆ ಎಳೆದ. ಪೆನ್‌ಡ್ರೈವ್ ತಾನಾಗಿ ಅವನ ಅಂಗೈಗೆ ಜಾರಿತು. ಪೆನ್ಸಿಲ್ ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದಳು. ಪರದೆ ಕಪ್ಪಗೆ ನಿಂತಿತು, ನಿಂತೇ ಇತ್ತು. ಕೊನೆಗೆ ನೀಲಿ ಬೆಳಕು ಬಂತು. ಈ ಸಲ ಅದು ಏನನ್ನೂ ಕೇಳಲಿಲ್ಲ.

ಯಂತ್ರ ನಡೆಸುವ ಪ್ರೋಗ್ರಾಂ ಹಾಕುವುದೊಂದು ಉಳಿದಿತ್ತು. ಅದಕ್ಕೆ ಪೆನ್‌ಡ್ರೈವನ್ನು ಪೆನ್ಸಿಲ್ ತಾನೇ ಬೆರಳಲ್ಲಿ ಒತ್ತಿಹಿಡಿದು, ಕೆಲಸ ಮುಗಿದ ಕೂಡಲೇ ಕಿತ್ತುಕೊಂಡಳು. ಯಂತ್ರದ ತೋಳು ಗುಂಯ್ ಎಂದು ಕದಲಿ, ಹಲಗೆಯ ಮೇಲೆ ಮೊದಲ ಗೆರೆ ಕೊರೆಯಿತು.

ವ್ಯಾಪಾರಿ ಟೇಪು ಸುತ್ತಿ ಜೇಬಿಗಿಟ್ಟ. "ಬಂದಿದ್ದಕ್ಕೆ ನಂಗೊಂದು ಮೇಜಾದ್ರೂ ಮಾಡ್ಕೊಡಮ್ಮ" ಎಂದು ನಗುತ್ತ ಹೊರಟ.

ಮೇಸ್ತ್ರಿ ಸೊಂಟದಿಂದ ಶೆಡ್ಡಿನ ಬೀಗದ ಕೈ ಬಿಚ್ಚಿ ಕೀಬೋರ್ಡಿನ ಪಕ್ಕ ಇಟ್ಟ. ಬೆಣೆಯನ್ನು ಜೇಬಿಗೆ ಹಾಕಿಕೊಂಡು ಬಾಗಿಲ ಕಡೆ ನಡೆದ.

"ಎಲ್ಲಿಗಪ್ಪಾ?"

"ಆಚೆ ಕೂರ್ತೀನಿ. ನಿನ್ನ ಅಂಟು ಹಿಡಿದು ಯಾವ ಕಾಲ ಆಯ್ತೋ, ನಾನೇ ನೋಡಿರ್ಲಿಲ್ಲ."

ಹೊರಗಿನ ಬೆಂಚಿನ ಮೇಲೆ ಕೂತು ಯಂತ್ರದ ಸದ್ದು ಕೇಳುತ್ತಿದ್ದ ಅವನಿಗೆ ಖುಷಿಯಲ್ಲಿ ಕಣ್ಣು ಮಂಜಾಯಿತು. ಸಂಜೆಯವರೆಗೆ ಒಂದು ಸಲವೂ ಒಳಗೆ ಇಣುಕಲಿಲ್ಲ. ಸರಿ ಬಿಡಿ, ಒಂದೇ ಒಂದು ಸಲ ಇಣುಕಿದ. ಆದರೆ ಏನೂ ಹೇಳದೆ ವಾಪಸ್ ಬಂದು ಕೂತ.